ಲಕಡಿ ಪೂಲಿನ ಮೇಲೆ ನಿಂತ ಬಸ್ಸು

ಸಂಕಪ್ಪನವರು ನಲ್ಲಿಯ ಕಟ್ಟೆಯ ಮೇಲೆ ಕಾಲು ತೊಳೆಯುತ್ತಿದ್ದಾಗ ಅಳಿಯ ಮಾರ್ತಾಂಡಪ್ಪ ಬಂದು ಪಕ್ಕದಲ್ಲಿ ನಿಂತ. ರಾಸ್ತಾ ಪೇಠೆಯ ಆ ವಾಡೆಯಲ್ಲಿ ಎಲ್ಲ ಬಿಡಾರಗಳಿಗೂ ಅದೊಂದೇ ನಲ್ಲಿ. ಹೆಂಗಸರು ಇನ್ನೂ ಕೊಡ ಹಿಡಿದು ಬಂದಿರಲಿಲ್ಲ. ಮಾರ್ತಾಂಡಪ್ಪ ರೈಲ್ವೆಯ ಕೋಟು ಹಾಕಿಕೊಂಡು ಕೆಲಸಕ್ಕೆ ಹೊರಟಿದ್ದ.

"ಮಾವಾರ, ಒಂದು ಮಾತು ಹೇಳೂದದ. ಅತ್ತಿಯವರ ಮುಂದ ಬ್ಯಾಡ್ರಿ."

ಸಂಕಪ್ಪನವರು ಒಳಗೆ ನೋಡಿದರು. ಶಿವಬಸವ್ವ ದಾರಿಯ ಬುತ್ತಿಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು.

ಮಾರ್ತಾಂಡಪ್ಪ ಕೋಟಿನೊಳಗಿಂದ ಚಿಕ್ಕದೊಂದು ಗಂಟು ತೆಗೆದು ಮಾವನ ಒದ್ದೆ ಕೈಯಲ್ಲಿ ಇಟ್ಟ. ಕೆಂಪು ಬಟ್ಟೆ, ಇಳಕಲ್ಲ ಸೀರೆಯ ಸೆರಗಿನಿಂದ ಕತ್ತರಿಸಿ ಸುತ್ತಲೂ ಹೊಲಿದದ್ದು. ಆ ಹೊಲಿಗೆ ಯಾರದೆಂದು ಸಂಕಪ್ಪನವರಿಗೆ ಕೂಡಲೆ ತಿಳಿಯಿತು. ಮಗಳು ನೀಲವ್ವ ಗಂಡನ ಮನೆಗೆ ಹೊರಟಾಗ ಅವಳ ಲಿಂಗಕ್ಕೆಂದು ಶಿವಬಸವ್ವ ಹೊಲಿದು ಕೊಟ್ಟ ವಸ್ತ್ರ ಅದು.

"ಇದು ಆಕಿದು," ಎಂದ ಮಾರ್ತಾಂಡಪ್ಪ. "ಹೋದ ತಿಂಗಳ ಗಾದಿ ಬಿಚ್ಚಿ ಹತ್ತಿ ಹಿಂಜಸಾಕ ಕೊಟ್ಟಾಗ ಒಳಗ ಸಿಕ್ತು."

ಸಂಕಪ್ಪನವರಿಗೆ ಅರ್ಥವಾಗಲಿಲ್ಲ. "ಇದು ಹ್ಯಾಂಗ ಆಕೀದು ಆದೀತು? ಆಕೀದು ಆಕಿ ಕೂಡ ಹೋತಲ್ಲ. ನಾನ ನನ್ನ ಕೈಲೆ ಆಕಿ ಅಂಗೈಯಾಗ ಇಟ್ಟೇನಿ."

"ನೀವು ಇಟ್ಟದ್ದು ನಂದ್ರಿ, ಮಾವಾರ."

ಅಳಿಯ ತಲೆ ತಗ್ಗಿಸಿಕೊಂಡು ಉಳಿದದ್ದನ್ನು ಹೇಳಿದ. ವಿಷಮಜ್ವರದಲ್ಲಿ ನೀಲವ್ವ ಕೊರಳಲ್ಲಿ ಕರಡಿಗೆ ಭಾರ, ಕರಡಿಗೆ ಭಾರ ಎಂದು ಒದ್ದಾಡುತ್ತಿದ್ದಳು. ಅವನು ಬೆಳ್ಳಿಯ ಕರಡಿಗೆಯನ್ನು ಪೆಟ್ಟಿಗೆಯಲ್ಲಿಟ್ಟು ಲಿಂಗವನ್ನಷ್ಟೇ ಈ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿದ್ದ. ಗಂಟು ಯಾವಾಗಲೋ ಸಡಿಲಿ ಜಾರಿ ಗಾದಿಯ ಹರಕಿನೊಳಗೆ ಸೇರಿತ್ತು. ಮಣ್ಣಿನ ದಿನ ಮಾವ ದೇವರ ಮಾಡದಿಂದ ಎತ್ತಿಕೊಂಡ ಕರಡಿಗೆ ಮಾರ್ತಾಂಡಪ್ಪನದು. ಊರಲ್ಲಿದ್ದಾಗ ಕೊರಳಿಂದ ತೆಗೆಯದವನು, ಪುಣೆಗೆ ಬಂದ ಮೇಲೆ ವರ್ಕಶಾಪಿನ ಎಣ್ಣೆ, ಮಸಿ ಎಂದು ಮನೆಯಲ್ಲಿಟ್ಟು ಹೋಗುವುದನ್ನು ರೂಢಿ ಮಾಡಿಕೊಂಡಿದ್ದ.

"ಮಣ್ಣಿನ ದಿವಸ ನನಗ ಮೈಮ್ಯಾಲ ಎಚ್ಚರ ಇದ್ದಿದ್ದಿಲ್ಲ. ಮರುದಿನ ಮಾಡ ನೋಡಿದ್ರ ಖಾಲಿ. ಆಕೀದು ತೋಳಿನಾಗ ಇತ್ತು, ನಂದು ಅಂಗೈಯಾಗ ಹೋತು, ಎರಡೂ ಕೂಡೇ ಹೋದ್ವು ಅನಕೊಂಡು ಸುಮ್ಮನಾದೆ. ಸ್ವಾಮಿಗಳ ಕಡೆ ಹೋಗಿ ಬ್ಯಾರೆ ಲಿಂಗ ಕಟ್ಟಿಸಿಕೊಂಡೆ. ಈಗ ಇದು ಸಿಕ್ತು."

"ಸ್ವಾಮಿಗಳು ಏನಂತಾರ?"

"ಮುಚ್ಚಿದ ಗದ್ದುಗಿ ಕೆದರಬಾರದು, ಆಕಿ ಮಣ್ಣಾದ ಊರಿನ ಹೊಳಿಗೇ ಬಿಡ್ರಿ ಅಂದಾರ. ಎರಡು ಸಲ ಹೊಳಿ ಪೂಲಿನ ಮಟಾ ಹೋಗಿ ಬಂದೆ. ನನ್ನ ಕೈಲೆ ಆಗಲಿಲ್ಲ."

ಅವನು ಹೋದ ಮೇಲೂ ಸಂಕಪ್ಪನವರು ನಲ್ಲಿಯ ಹತ್ತಿರವೇ ನಿಂತಿದ್ದರು. ಅಳಿಯನ ಮೇಲೆ ಸಿಟ್ಟು ಬರಲಿಲ್ಲ. ಮಾಡದಿಂದ ಕರಡಿಗೆ ಎತ್ತಿಕೊಂಡವರು ತಾವು. ಮದುವೆಯಲ್ಲಿ ಮಗಳಿಗೂ ಅಳಿಯನಿಗೂ ಒಬ್ಬನೇ ಅಕ್ಕಸಾಲಿಗನಿಂದ ಒಂದೇ ಮಾಟದ ಕರಡಿಗೆ ಮಾಡಿಸಿ ಕೊಟ್ಟವರೂ ತಾವೇ. ಅಂದು ಯಾರನ್ನೂ ಕೇಳಲಿಲ್ಲ. ಮಾಡದಲ್ಲಿ ಕರಡಿಗೆ ಕಂಡ ಮೇಲೆ ಅದು ಸತ್ತವಳದೇ ಎಂದು ತಿಳಿದರು. ಬದುಕಿರುವ ಗಂಡಸು ಲಿಂಗವನ್ನು ಮೈಯಿಂದ ತೆಗೆದಿಟ್ಟು ಓಡಾಡುತ್ತಾನೆಂಬುದು ಅವರ ಮನಸ್ಸಿಗೆ ಹೊಳೆಯುವ ಮಾತೇ ಆಗಿರಲಿಲ್ಲ. ಹುಟ್ಟಿದ ಕೆಲವೇ ದಿನಕ್ಕೆ ಮೈಮೇಲೆ ಬಂದ ಲಿಂಗ ಕೊನೆಯ ದಿನ ಎಡ ಅಂಗೈಗೆ ಬಂದು, ಅದನ್ನು ನೋಡುತ್ತ ಜೀವ ಅದರಲ್ಲಿ ಸೇರಬೇಕು. ಅವರ ಮಗಳು ಗದ್ದುಗೆಯೊಳಗೆ ಇನ್ನೊಬ್ಬರದನ್ನು ಹಿಡಿದುಕೊಂಡು ಕುಳಿತಿದ್ದಾಳೆ.

ಮಗಳು ತೀರಿದಾಗ ಶಿವಬಸವ್ವ ತಾನೂ ಜ್ವರದಿಂದ ಎದ್ದಿರಲಿಲ್ಲ. ಪುಣೆಗೆ ಬರಲು ಆಗಿರಲಿಲ್ಲ. ಸಂಕಪ್ಪನವರು ಬೈಲಹೊಂಗಲಕ್ಕೆ ತಿರುಗಿ ಹೋದಾಗ ಅವಳು ಎದೆ ಬಡಿದುಕೊಳ್ಳಲಿಲ್ಲ. ಒಂದೇ ಮಾತು ಕೇಳಿದ್ದಳು. "ಅಂಗೈಯಾಗ ಆಕಿ ಲಿಂಗ ಇತ್ತಲ್ಲರಿ?" ಅವರು, "ನಾನ ಇಟ್ಟೇನಿ," ಎಂದಿದ್ದರು. ಆ ಒಂದು ಮಾತಿನ ಮೇಲೆ ಅವಳು ಇಷ್ಟು ತಿಂಗಳು ಬದುಕಿದ್ದಳು.

"ಏನ್ರಿ, ಕಾಲು ತೊಳಿಯೂದು ಮುಗೀಲಿಲ್ಲೇನು?" ಎಂದು ಒಳಗಿಂದ ಧ್ವನಿ ಬಂತು.

ಸಂಕಪ್ಪನವರು ಗಂಟನ್ನು ಕೋಟಿನ ಒಳಬಕ್ಕಣಕ್ಕೆ ಸೇರಿಸಿದರು. ಸಂಜೆಯ ಗಾಡಿಗೆ ಊರಿಗೆ ಹೊರಡಬೇಕು. ಅಷ್ಟರೊಳಗೆ ಹೊಳೆ ಸಿಗಬೇಕು, ಹೆಂಡತಿಯ ಕಣ್ಣು ತಪ್ಪಬೇಕು.

ಜೇಜುರಿಯ ಹರಕೆ ತೀರಿಸಿಕೊಂಡು ಅವರು ಹಿಂದಿನ ಮಧ್ಯಾಹ್ನ ಪುಣೆಗೆ ಬಂದಿದ್ದರು. ಸಂಜೆ ಮೂವರೂ ಮಗಳ ಗದ್ದುಗೆಗೆ ಹೋಗಿದ್ದರು. ಶಿವಬಸವ್ವ ಊರಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಬಿಲ್ವದ ಸಸಿಯನ್ನು ತಲೆಯ ಕಡೆಗೆ ಊರಿ, ನೀರು ಹಾಕಿ, ವಿಭೂತಿ ಇಟ್ಟು ಬಂದಿದ್ದಳು. ರಾತ್ರಿ ಊಟಕ್ಕೆ ಕೂತಾಗ, "ನಾಳಿ ಒಂದು ದಿವಸ ಊರು ನೋಡೂಣ್ರಿ," ಎಂದಿದ್ದಳು. "ಆಕಿ ಹೇಳಿದ್ದೆಲ್ಲಾ ನೋಡೂದದ. ಬಸ್ಸಿನಾಗ."

ನೀಲವ್ವ ಪಂಚಮಿಗೆ ತವರಿಗೆ ಬಂದಾಗಲೆಲ್ಲ ಪುಣೆಯ ಬಸ್ಸಿನದೇ ಸುದ್ದಿ. ಯಾವ ಬಸ್ಸು ಎಲ್ಲಿ ತಿರುಗುತ್ತದೆ, ಎಲ್ಲಿ ಇಳಿದರೆ ಏನು ಕಾಣುತ್ತದೆ, ಕಂಡಕ್ಟರ ಹೇಗೆ ಒದರುತ್ತಾನೆ, ಎಲ್ಲ ಅಭಿನಯಿಸಿ ತೋರಿಸುವಳು. ಇಳಿಯುವುದು ಹೇಗೆಂದು ಅಡಿಗೆ ಮನೆಯಲ್ಲಿ ತಾಯಿಗೆ ಕಲಿಸಿಯೂ ಇದ್ದಳು. ಬೀಸುವ ಕಲ್ಲಿನ ಕಟ್ಟೆಯ ಮೇಲೆ ತಾಯಿಯನ್ನು ನಿಲ್ಲಿಸಿ, "ಬಸ್ಸು ಹೋಗೂ ಕಡೆ ಮಾರಿ ಮಾಡು, ಎಡಗೈಲೆ ಕಂಬಿ ಹಿಡಿ, ಎಡಗಾಲು ಮುಂದ ಇಡು," ಎನ್ನುವಳು. ಹೊರಗೆ ಕೂತ ಸಂಕಪ್ಪನವರು, "ಎಡಗಾಲು ಮುಂದ ಇಡೂದು ಶುಭ ಅಲ್ಲ," ಎಂದು ಗದರುವರು. "ಬಲಗಾಲು ಇಟ್ರ ಬಕ್ಕಬಾರ್ಲೆ ಬೀಳ್ತೀರಿ, ಅಪ್ಪಾ," ಎಂದು ಅವಳು ನಗುವಳು.

ಈ ಪಾಠವೆಲ್ಲ ಶಿವಬಸವ್ವನಿಗೆ ಬಾಯಿಪಾಠವಾಗಿತ್ತು. ಪೇಠೆಯ ಮೂಲೆಯಲ್ಲಿ ಮೊದಲ ಬಸ್ಸು ಬಂದು ನಿಂತಾಗ ಅವಳು ಸೆರಗು ಬಿಗಿದು ಹತ್ತಿ, ಅಲ್ಲೇ ಹುಟ್ಟಿದವಳಂತೆ ಕಂಬಿ ಹಿಡಿದು ನಿಂತಳು. ಯುದ್ಧದ ದಿನಗಳು, ಪೆಟ್ರೋಲು ಸಿಗದೆ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆಯಂಥ ಡಬ್ಬಿ ಕಟ್ಟಿದ್ದರು. ಅದರ ಹೊಗೆ ಒಳಗೆಲ್ಲ ತುಂಬಿತ್ತು. ಸಂಕಪ್ಪನವರು ಖಾಲಿ ಕಂಡ ಬೆಂಚಿನಲ್ಲಿ ಕೂತರು.

"ಅಹೋ ಬಾಬಾ, ಬಾಯಕಾಂಚೀ ಜಾಗಾ," ಎಂದು ಕಂಡಕ್ಟರ ಕೂಗಿದ.

"ಹೆಣ್ಮಕ್ಕಳ ಜಾಗಾ ಅಂತ, ಏಳ್ರಿ," ಎಂದಳು ಶಿವಬಸವ್ವ. "ಇನ್ನ ನೋಡ್ರಿ, 'ಪುಢೇ ಚಲಾ' ಅಂತಾನ. ಮುಂದ ಜಾಗಾ ಇರೂದಿಲ್ಲ, ಆದ್ರೂ ಹೋಗಬೇಕಂತ."

"ಪುಢೇ ಚಲಾ, ಪುಢೇ ಚಲಾ," ಎಂದ ಕಂಡಕ್ಟರ.

ಶಿವಬಸವ್ವ ಬಾಯಿಗೆ ಸೆರಗು ಹಚ್ಚಿಕೊಂಡಳು. ಮಗಳು ಹೋದ ಮೇಲೆ ಅವಳ ಕಣ್ಣು ಹಾಗೆ ಹೊಳೆದದ್ದನ್ನು ಸಂಕಪ್ಪನವರು ಕಂಡಿರಲಿಲ್ಲ. ಅವರ ಕೈ ತಾನಾಗಿ ಎದೆಯ ಮೇಲೆ ಹೋಯಿತು. ಕೊರಳಿನಲ್ಲಿ ತಮ್ಮ ಲಿಂಗ, ಬಕ್ಕಣದಲ್ಲಿ ಮಗಳದು. ನಡುವೆ ಬರಿಯ ಅಂಗಿ.

ಮಂಡಯಿ ಮಾರುಕಟ್ಟೆಯಲ್ಲಿ ಇಳಿಯುವಾಗ ಸಂಕಪ್ಪನವರು ಬಲಗಾಲು ಮುಂದಿಟ್ಟು ಮುಗ್ಗರಿಸಿದರು. ಕಾಯಿಪಲ್ಯದ ಬುಟ್ಟಿ ಹೊತ್ತವನೊಬ್ಬ ಹಿಡಿದುಕೊಂಡ. "ಹೇಳಿದ್ದಳಲ್ಲ," ಎಂದಳು ಶಿವಬಸವ್ವ. ಮಂಡಯಿಯ ಗೋಪುರದಂಥ ಕಟ್ಟಡದ ಕೆಳಗೆ ನಿಂತು ಮೇಲೆ ನೋಡಿ, "ಆಕಿ ಇಷ್ಟು ಎತ್ತರ ಅಂತ ಹೇಳಿದ್ದಿಲ್ಲ," ಎಂದಳು.

"ಹೊಳಿ ಎಲ್ಲಿ ಅದಂತ ಕೇಳೂಣು," ಎಂದರು ಸಂಕಪ್ಪನವರು.

"ಹೊಳಿ ಯಾಕ? ನಮ್ಮೂರಾಗ ಮಲಪ್ರಭಾ ಇಲ್ಲೇನು? ಮೊದಲ ಪರ್ವತಿ. ಆಕಿ ಮೊದಲ ಪರ್ವತಿಗೆ ಹೋಗ್ರಿ, ಬಿಸಲಾದ್ರ ಹತ್ತಾಕ ಆಗೂದಿಲ್ಲ ಅಂದಿದ್ದಳು."

ಸ್ವಾರಗೇಟಿಗೆ ಇನ್ನೊಂದು ಬಸ್ಸು, ಅಲ್ಲಿಂದ ನಡಿಗೆ. ಪರ್ವತಿ ಗುಡ್ಡದ ಮೆಟ್ಟಲುಗಳನ್ನು ಶಿವಬಸವ್ವ ಎಲ್ಲಿಯೂ ಕೂಡದೆ ಹತ್ತಿದಳು. ಮೇಲೆ ದೇವರ ದರ್ಶನ ಮಾಡಿ ಪ್ರಾಕಾರದ ಗೋಡೆಗೆ ಒರಗಿ ನಿಂತಾಗ ಕೆಳಗೆ ಊರೆಲ್ಲ ಹರಡಿತ್ತು. ಹಂಚಿನ ಮನೆಗಳು, ಗಿಡಗಳು, ಅವುಗಳ ಆಚೆ ಬೆಳ್ಳಗೆ ಹೊಳೆಯ ಒಂದು ತುಂಡು. ಸಂಕಪ್ಪನವರು ಹೊಳೆಯನ್ನೇ ನೋಡುತ್ತಿದ್ದರು.

"ಅಗೋ ನೋಡ್ರಿ, ನಮ್ಮ ಬಸ್ಸು," ಎಂದು ಶಿವಬಸವ್ವ ಕೈ ಮಾಡಿದಳು. ಕೆಳಗೆ ಕಡ್ಡಿಪೆಟ್ಟಿಗೆಯಷ್ಟು ಬಸ್ಸೊಂದು ಹಿಂದೆ ಹೊಗೆ ಬಿಡುತ್ತ ಹೋಗುತ್ತಿತ್ತು. "ಒಲಿ ಕಟಗೊಂಡ ಓಡಿದ್ಹಂಗ ಕಾಣತದ. ಅಡಿಗಿ ಮಾಡಕೋತ ಊರು ಸುತ್ತಬಹುದು." ಹೀಗೆಂದವಳು ತನ್ನ ಮಾತಿಗೆ ತಾನೇ ನಕ್ಕಳು. ಸಣ್ಣ ನಗು ಅಲ್ಲ. ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸಂಕಪ್ಪನವರೂ ನಕ್ಕರು. ನಗದಿದ್ದರೆ ಅವಳು ಯಾಕೆಂದು ಮುಖ ನೋಡುತ್ತಿದ್ದಳು.

ನಗು ನಿಂತ ಮೇಲೆ ಅವಳು ಕಣ್ಣೊರಸಿಕೊಂಡಳು. ಅನಂತರ ಅವರ ಕಡೆಗೆ ತಿರುಗದೆಯೇ ಕೇಳಿದಳು.

"ಇನ್ನೊಮ್ಮೆ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆಕಿ ಕೈಯಾಗ ಆಕೀದು ಇತ್ತಲ್ಲ?"

ಗುಡಿಯಲ್ಲಿ ಯಾರೋ ಗಂಟೆ ಬಾರಿಸಿದರು. ಸಂಕಪ್ಪನವರು ಆ ಗಂಟೆಯ ನಾದ ಅಡಗುವವರೆಗೆ ಕಾದರು.

"ಇತ್ತು. ನಾನ ಇಟ್ಟೇನಿ."

"ಅಷ್ಟ ಸಾಕು," ಎಂದಳು ಶಿವಬಸವ್ವ. "ನೀವು ಹೇಳೂದು ಕೇಳಿದ್ರ ಎದಿ ತಣ್ಣಗಾಗತದ. ಅದಕ್ಕ ಕೇಳ್ತೀನಿ."

ಹಿಂದೆ ಇದೇ ಮಾತು ಹೇಳಿದಾಗ ಅದು ಅವರು ತಿಳಿದಂತೆ ನಿಜವಾಗಿತ್ತು. ಇಂದು ಶಿವನ ಗುಡಿಯ ಮುಂದೆ ನಿಂತು, ಮಗಳ ಲಿಂಗ ಎದೆಗೆ ತಾಗುತ್ತಿರುವಾಗ, ತಿಳಿದೂ ತಿಳಿದು ಹೇಳಿದರು. ಇಳಿಯುವಾಗ ಅವರು ಒಂದು ಮೆಟ್ಟಲು ತಪ್ಪಿದರು. ಇಳಿತಕ್ಕೆ ಹಾಗೆ ಆಗುತ್ತದೆಂದು ಶಿವಬಸವ್ವ ಅವರ ರಟ್ಟೆ ಹಿಡಿದುಕೊಂಡಳು. ಆ ಆಸರೆಯನ್ನು ಬಿಡಿಸಿಕೊಳ್ಳಲೂ ಆಗದೆ ಇಟ್ಟುಕೊಳ್ಳಲೂ ಆಗದೆ ಅವರು ನಡೆದರು.

ಆ ಮೇಲೆ ಸಂಕಪ್ಪನವರು ಹೊಳೆಗಾಗಿ ಊರು ಸುತ್ತಿದರು. ಶನಿವಾರವಾಡೆಯ ಬಾಗಿಲು ನೋಡಿದ ಕೂಡಲೆ, ಇಲ್ಲೇ ಹತ್ತಿರ ಹೊಳೆಗೆ ಕಟ್ಟಿದ ಹೊಸ ಪೂಲು ಇದೆಯಂತೆ, ನಡೆದು ಹೋಗೋಣ ಎಂದರು. ಶಿವಬಸವ್ವ ಕೇಳಲಿಲ್ಲ. "ಪೂಲು ನಡಕೊಂಡ ದಾಟೂದೇನು ದೊಡ್ಡ ಮಾತು? ಬಸ್ಸಿನಾಗಿಂದ ನೋಡಬೇಕು. ಪೂಲಿನ ಮ್ಯಾಲ ಬಂದಾಗ ತಣ್ಣನ್ನ ಗಾಳಿ ಮಾರಿಗೆ ಹೊಡೀತದ ಅಂದಿದ್ದಳು." ಶಿವಾಜಿನಗರದ ಬಸ್ಸು ಹತ್ತಿದರು. ಪೂಲು ಬರುತ್ತಲೂ ಸಂಕಪ್ಪನವರು ಜನರನ್ನು ನೂಕಿಕೊಂಡು ಕಿಟಕಿಯ ಹತ್ತಿರ ಹೋದರು. ಕೈ ಬಕ್ಕಣದಲ್ಲಿತ್ತು. ಗಂಟು ಕೈಗೆ ಸಿಗುವಷ್ಟರಲ್ಲಿ ಹೊಳೆ ಹಿಂದೆ ಹೋಗಿ, ಮಿಲಿಟರಿಯ ಲಾರಿಗಳ ಸಾಲು ಎದುರಿಗೆ ಬಂದಿತ್ತು.

"ಯಾಕ್ರಿ, ಎದಿ ನೋವೇನು?" ಎಂದು ಶಿವಬಸವ್ವ ಕೇಳಿದಳು. "ಮುಂಜಾನಿಂದ ನೋಡ್ತೀನಿ, ಎದಿ ಮ್ಯಾಲ ಕೈ ಇಟಗೋತೀರಿ."

"ಹೊಗಿ ಕುಡುದು ಹಂಗಾಗೇದ."

"ಹಂಗಾದ್ರ ಸಾಕು. ಮನಿಗೆ ಹೋಗೂಣು."

"ಬ್ಯಾಡ, ಬ್ಯಾಡ. ಡೆಕ್ಕನ್ ನೋಡೂದು ಉಳದದಲ್ಲ. ಅಲ್ಲಿಂದ ಲಕಡಿ ಪೂಲು ದಾಟಿ ಬರೂಣು."

ಅವಳು ಅವರ ಮುಖವನ್ನು ಪ್ರೀತಿಯಿಂದ ನೋಡಿದಳು. "ನಾ ಹೇಳಿದ್ದಕ್ಕ ನೀವು ಇಷ್ಟು ತಿರಗತೀರಿ ಅಂತ ಅನಕೊಂಡಿದ್ದಿಲ್ಲ. ನೀಲವ್ವ ಇದ್ದಿದ್ರ, ಅಪ್ಪಗ ಪುಣೆ ಹುಚ್ಚು ಹಿಡೀತು ಅಂತಿದ್ದಳು."

ಸಂಕಪ್ಪನವರು ಕಿಟಕಿಯ ಕಡೆಗೆ ತಿರುಗಿಕೊಂಡರು.

ಡೆಕ್ಕನ್ನಿನ ಒಂದು ಗಿಡದ ನೆರಳಲ್ಲಿ ಶಿವಬಸವ್ವ ಬುತ್ತಿ ಬಿಚ್ಚಿದಳು. ಅವರಿಗೆ ರೊಟ್ಟಿ ಇಳಿಯಲಿಲ್ಲ. ಹೊಳೆ ಅಲ್ಲಿಯೇ ಕೆಳಗಿತ್ತು. ಕೈ ತೊಳೆದು ಬರುತ್ತೇನೆಂದು ಎದ್ದರೆ, "ತಾಳ್ರಿ, ನಾನೂ ಬರ್ತೀನಿ," ಎಂದು ಅವಳೂ ಎದ್ದಳು. ದಂಡೆಯ ತುಂಬ ಬಟ್ಟೆ ಒಗೆಯುವವರು, ಎಮ್ಮೆ ತೊಳೆಯುವವರು. ಇಬ್ಬರೂ ಕೂಡಿಯೇ ಕೈ ತೊಳೆದರು, ಕೂಡಿಯೇ ಮೇಲೆ ಬಂದರು.

ಹೊತ್ತು ಇಳಿದಿತ್ತು. ಊರ ಕಡೆಯ ಬಸ್ಸು ಲಕಡಿ ಪೂಲಿನ ಮೇಲೆ ಬಂದಿತು. ಇನ್ನು ಬೇರೆ ಪೂಲು ಇಲ್ಲ, ಇದೇ ಕೊನೆಯದು ಎಂದು ಸಂಕಪ್ಪನವರು ಹೊಳೆಯನ್ನು ನೋಡುತ್ತಿದ್ದಂತೆ ಬಸ್ಸು ಎರಡು ಸಲ ಕೆಮ್ಮಿ, ಜರ್ರನೆ ನಿಂತಿತು. ಡ್ರಾಯವ್ಹರ ಇಳಿದು ಹಿಂದೆ ಹೋಗಿ ಇದ್ದಿಲಿನ ಡಬ್ಬಿಯನ್ನು ಕೋಲಿನಿಂದ ಕೆದಕತೊಡಗಿದ. ಎಲ್ಲರೂ ಇಳಿಯಿರಿ ಎಂದು ಕಂಡಕ್ಟರ ಮರಾಠಿಯಲ್ಲಿ ಹೇಳಿದ.

"ಚುಲೀ ವಿಝಲೀ, ಆತಾ ಭಾಕರೀ ಕಚ್ಚೀ," ಎಂದ ಒಬ್ಬ. ಒಲೆ ಆರಿತು, ಇನ್ನು ರೊಟ್ಟಿ ಹಸಿಯೇ ಎಂದು ಜನ ನಕ್ಕರು. ಶಿವಬಸವ್ವನಿಗೂ ಅದು ತಿಳಿದು, ಇಳಿದು ನಿಂತ ಹೆಂಗಸರ ಜೊತೆ ನಗುತ್ತಿದ್ದಳು.

ದಿನವೆಲ್ಲ ಓಡಿ ಹೋದ ಹೊಳೆ ಈಗ ಸುಮ್ಮನೆ ಕೆಳಗೆ ಕಾದಿತ್ತು. ಸಂಕಪ್ಪನವರು ಜನರಿಂದ ದೂರ ಸರಿದು ಪೂಲಿನ ಕಟ್ಟೆಯ ಹತ್ತಿರ ಹೋದರು. ಬೆನ್ನು ಬಸ್ಸಿನ ಕಡೆಗೆ ಮಾಡಿದರು. ಗಂಟು ಬಿಚ್ಚಿ, ವಸ್ತ್ರವನ್ನು ಬಲಗೈಯಲ್ಲಿ ಹಿಡಿದು, ಲಿಂಗವನ್ನು ಎಡ ಅಂಗೈಗೆ ಬರಮಾಡಿಕೊಂಡರು. ತೋಳು ಚಾಚಿ ಕೈ ಮಗುಚಬೇಕು, ಅಷ್ಟೇ.

ಕೈ ಮಗುಚಲಿಲ್ಲ. ತಿಳಿವಳಿಕೆ ಬಂದಂದಿನಿಂದ ಪ್ರತಿ ಮುಂಜಾನೆ ಎಡ ಅಂಗೈಯ ಮೇಲೆ ಲಿಂಗ ಬಂದೊಡನೆ ಅವರ ಕೈ ಎದೆಯ ಮಟ್ಟಕ್ಕೆ ಏರುತ್ತಿತ್ತು, ಕಣ್ಣು ಅದರಲ್ಲಿ ನಿಲ್ಲುತ್ತಿತ್ತು, ತುಟಿ ಐದಕ್ಷರ ನುಡಿಯುತ್ತಿತ್ತು. ಈಗಲೂ ಹಾಗೆಯೇ ಆಯಿತು. ಕಪ್ಪಗೆ ನುಣ್ಣಗೆ ಪುಟ್ಟ ಲಿಂಗ. ನೀಲವ್ವ ತೊಟ್ಟಿಲಲ್ಲಿ ಅಳುತ್ತಿರುವಾಗಲೇ ಇದನ್ನು ಅವಳ ಮೈಗೆ ಕಟ್ಟಿದ್ದರು. ಕಲ್ಲು ಎಂದು ಎಸೆಯಲು ಅದು ಕಲ್ಲಲ್ಲ. ಅವರು ಸುತ್ತಲಿನದೆಲ್ಲ ಮರೆತು ನಮಃ ಶಿವಾಯ ಎನ್ನುತ್ತ ನಿಂತುಬಿಟ್ಟರು.

"ಇದೇನ್ರಿ, ಇಲ್ಲಿ ನಿಂತು ಪೂಜಿ?"

ಶಿವಬಸವ್ವ ಪಕ್ಕಕ್ಕೆ ಬಂದಿದ್ದಳು. ಅವರ ಕೊರಳಿನ ಕರಡಿಗೆ ಅಂಗಿಯೊಳಗೆ ಉಬ್ಬಿ ನಿಂತಿದ್ದದ್ದನ್ನು ನೋಡಿದಳು. ಅಂಗೈಯನ್ನು ನೋಡಿದಳು. ಬಲಗೈಯಲ್ಲಿದ್ದ ಕೆಂಪು ಬಟ್ಟೆಯನ್ನು ನೋಡಿದಳು. ಆ ಬಟ್ಟೆಯ ಅಂಚನ್ನು ಬೆರಳಿನಿಂದ ಮುಟ್ಟಿ ತನ್ನ ಹೊಲಿಗೆಯನ್ನು ಗುರುತಿಸಿದಳು.

"ಯಾರದು?"

ಅಂಗೈಯಲ್ಲಿ ಲಿಂಗವಿತ್ತು. ಅದನ್ನು ಹಿಡಿದುಕೊಂಡು ಸಂಕಪ್ಪನವರು ಇಷ್ಟು ವರ್ಷಗಳಲ್ಲಿ ಒಂದು ಸುಳ್ಳೂ ನುಡಿದವರಲ್ಲ.

"ನೀಲವ್ವಂದು," ಎಂದರು.

ಮುಂಜಾನೆ ಅಳಿಯ ಹೇಳಿದ್ದೆಲ್ಲವನ್ನೂ ಹೇಳಿದರು. ಮಾಡದ ಕರಡಿಗೆ, ಗಾದಿಯೊಳಗಿನ ಗಂಟು, ಸ್ವಾಮಿಗಳ ಮಾತು. ಮಾಡದಿಂದ ಎತ್ತಿಕೊಂಡ ಕೈ ನನ್ನದೇ, ಕೇಳದೆ ಇಟ್ಟವನು ನಾನೇ ಎಂದರು. ಶಿವಬಸವ್ವ ಕೊನೆಯವರೆಗೂ ಕೇಳಿದಳು. ಅವರ ಕೈಯಿಂದ ಲಿಂಗವನ್ನು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡು, ವಸ್ತ್ರದಲ್ಲಿ ಸುತ್ತಿ, ಕುಬಸದೊಳಗೆ ತನ್ನ ಲಿಂಗದ ಬಳಿ ಇಟ್ಟುಕೊಂಡಳು.

"ಗದ್ದುಗಿಗೆ ಹೋಗೂದು," ಎಂದಳು.

"ಸ್ವಾಮಿಗಳು ಹೊಳಿಗೆ ಬಿಡ್ರಿ ಅಂದಾರ."

"ಸ್ವಾಮಿಗಳು ಆಕಿನ್ನ ಹಡದಿಲ್ಲ."

"ಮುಚ್ಚಿದ ಗದ್ದುಗಿ ಕೆದರಬಾರದು, ಶಿವಬಸವ್ವಾ."

"ಕೆದರೂದಿಲ್ಲ. ನಿನ್ನಿ ಬಿಲ್ವದ ಸಸಿ ಊರಾಕ ಕುಣಿ ತೋಡೇವಲ್ಲ, ಆ ಮಣ್ಣು ಇನ್ನೂ ಸಡಲ ಅದ. ಸಸಿ ಬುಡಕ್ಕ ಇಡೂದು."

"ಗಾಡಿ ತಪ್ಪತದ."

"ತಪ್ಪಲಿ."

ಬಸ್ಸು ಉರಿ ಹಿಡಿದು ಸದ್ದು ಮಾಡಿತು. ಜನ ಹತ್ತಿದರು. ಶಿವಬಸವ್ವ ಮುಂದೆ ಹೋಗಿ ಕಂಡಕ್ಟರನಿಗೆ ತನಗೆ ಬರುವಷ್ಟು ಮರಾಠಿಯಲ್ಲಿ ರುದ್ರಭೂಮಿ ಇದ್ದ ಕ್ಯಾಂಪಿನ ಕಡೆಗೆ ಹೋಗುವ ಬಸ್ಸು ಎಲ್ಲಿ ಸಿಗುತ್ತದೆಂದು ಕೇಳಿದಳು. ಮುಂಜಾನೆಯಿಂದ ದಾರಿ ಹೇಳಿದ್ದು ನೀಲವ್ವ. ಈ ದಾರಿಯನ್ನು ನೀಲವ್ವ ಹೇಳಿಕೊಟ್ಟಿರಲಿಲ್ಲ.

ಬಸ್ಸು ಬದಲಿಸಿ, ಕೊನೆಗೆ ಒಂದು ಟಾಂಗಾ ಹಿಡಿದು ಅವರು ಊರ ಅಂಚಿನ ರುದ್ರಭೂಮಿಗೆ ಬಂದಾಗ ಇನ್ನೂ ಬೆಳಕಿತ್ತು. ಹಿಂದಿನ ದಿನದ ಸಸಿ ಬಿಸಿಲಿಗೆ ಸೊರಗಿ ಬಾಗಿತ್ತು. ಶಿವಬಸವ್ವ ಅದನ್ನು ಒಂದು ಕೈಯಿಂದ ನೆಟ್ಟಗೆ ಹಿಡಿದು, "ತೋಡ್ರಿ," ಎಂದಳು. ಸಂಕಪ್ಪನವರು ಮೊಣಕಾಲೂರಿ ಬೆರಳುಗಳಿಂದ ಬುಡದ ಮಣ್ಣು ತೆಗೆದರು. ಅವಳು ಎದೆಯಿಂದ ಗಂಟು ತೆಗೆದು, ಬಿಚ್ಚಿ, ಲಿಂಗಕ್ಕೆ ವಿಭೂತಿ ಧರಿಸಿ, ಒಂದು ಬಿಲ್ವದೆಲೆ ಇಟ್ಟು, ತಾನೇ ಒಳಗೆ ಇಳಿಸಿದಳು. ವಸ್ತ್ರವನ್ನೂ ಅದರ ಮೇಲೆ ಹೊದಿಸಿದಳು.

"ನಂದು ತಪ್ಪಾತು," ಎಂದರು ಸಂಕಪ್ಪನವರು. ಯಾರಿಗೆ ಹೇಳಿದರೆಂಬುದು ಅವರಿಗೂ ತಿಳಿಯಲಿಲ್ಲ.

"ಮಣ್ಣು ಹಾಕ್ರಿ."

ಅವರು ಮಣ್ಣು ಹಾಕಿದರು. ಅವಳು ಅಂಗೈಯಿಂದ ಅದನ್ನು ತಟ್ಟಿ ತಟ್ಟಿ ಕೂಡಿಸಿದಳು. ಮಗುವನ್ನು ಮಲಗಿಸುವಾಗ ತಟ್ಟುವಂತೆ ತಟ್ಟುತ್ತಲೇ ಮಾತಾಡಿದಳು.

"ಮಾಡದಾಗಿಂದು ತಗೊಂಡ್ರಿ. ಅದು ನಿಮ್ಮ ತಪ್ಪಲ್ಲ. ನಾನಿದ್ರೂ ಅದನ್ನ ತಗೋತಿದ್ದೆ. ಗಂಡಂದು ಹಿಡಕೊಂಡು ಕುಂತಾಳ, ಕುಂದರಲಿ. ಶಿವ ಒಬ್ಬಾವ." ಸಸಿಯ ಸುತ್ತ ಮಣ್ಣು ಏರಿಸಿದಳು. "ಆದ್ರ ಮುಂಜಾನೆ ನಿಮಗ ಗೊತ್ತಾತು. ಆಕಿ ಲಿಂಗ ಬಕ್ಕಣದಾಗ ಇಟಗೊಂಡು ನನ್ನ ಪರ್ವತಿ ಹತ್ತಿಸಿದ್ರಿ. ನಾ ನಗೂದು ನೋಡಿದ್ರಿ. ಅಲ್ಲಿ ನಿಂತು ಕೇಳಿದ್ರ, ಇತ್ತು ಅಂದ್ರಿ. ಇನ್ನ ಮ್ಯಾಲ ನೀವು ಏನ ಹೇಳಿದ್ರೂ ಎದಿ ತ‌ಣ್ಣಗ ಹ್ಯಾಂಗ ಆಗಬೇಕು?"

ನಿನ್ನ ಜೀವಕ್ಕೆ ನೋವಾಗಬಾರದೆಂದು ಮುಚ್ಚಿಟ್ಟೆ ಎಂದು ಸಂಕಪ್ಪನವರು ಹೇಳಬಹುದಾಗಿತ್ತು. ಅದರಲ್ಲಿ ಅರ್ಧ ನಿಜವಿತ್ತು. ಉಳಿದರ್ಧ, ಅವಳ ಕಣ್ಣಲ್ಲಿ ತಾವು ಸಣ್ಣವರಾಗಬಾರದೆಂಬುದಾಗಿತ್ತು. ಮಣ್ಣಿನ ಮುಂದೆ ಕೂತು ಅವರು ಅರ್ಧ ನಿಜವನ್ನು ಹೇಳಲಾರದೆ ಹೋದರು.

ತಿರುಗಿ ಬರುವಾಗ ಬಸ್ಸು ತುಂಬಿತ್ತು. ಶಿವಬಸವ್ವ ಮುಂದಿನ ಹೆಂಗಸರ ಬೆಂಚಿನಲ್ಲಿ ಕೂತಳು. ಕಂಡಕ್ಟರ ಬಂದಾಗ ತಾನೇ ಚೀಲ ಬಿಚ್ಚಿ ಎರಡು ತಿಕೀಟು ತೆಗೆಸಿದಳು. ಮದುವೆಯಾದಂದಿನಿಂದ ಯಾವ ಗಾಡಿಯಲ್ಲಿ ಕೂತರೂ, 'ಅವರು ತಗೋತಾರ' ಎಂದು ಹಿಂದಕ್ಕೆ ಬೆರಳು ಮಾಡುತ್ತಿದ್ದವಳು ಅವಳು. ಸಂಕಪ್ಪನವರು ಹಿಂದೆ ಕಂಬಿ ಹಿಡಿದು ನಿಂತು ಅವಳ ತಲೆಯ ಮೇಲಿನ ಸೆರಗನ್ನು ನೋಡುತ್ತಿದ್ದರು. ಅವಳು ಒಮ್ಮೆಯೂ ಹಿಂದೆ ತಿರುಗಲಿಲ್ಲ. ರೂಢಿಯಂತೆ ಅವರ ಕೈ ಬಕ್ಕಣದ ಮೇಲೆ ಹೋಯಿತು, ಅದು ಖಾಲಿಯಾಗಿತ್ತು. ಕೈಯನ್ನು ಕೆಳಗೆ ಬಿಟ್ಟರು.

"ಪುಢೇ ಚಲಾ," ಎಂದ ಕಂಡಕ್ಟರ. ಈ ಸಲ ಯಾರೂ ನಗಲಿಲ್ಲ.

ರಾಸ್ತಾ ಪೇಠೆಯ ಮೂಲೆಯಲ್ಲಿ ಬಸ್ಸು ನಿಧಾನವಾಯಿತೇ ಹೊರತು ಪೂರ್ತಿ ನಿಲ್ಲಲಿಲ್ಲ. ಶಿವಬಸವ್ವ ಬಸ್ಸು ಹೋಗುವ ಕಡೆಗೆ ಮುಖ ಮಾಡಿ, ಕಂಬಿ ಹಿಡಿದು, ಬೀಸುವ ಕಲ್ಲಿನ ಕಟ್ಟೆಯಿಂದ ಇಳಿದಂತೆ ಇಳಿದಳು. ಸಂಕಪ್ಪನವರು ಮೆಟ್ಟಿಲ ಮೇಲೆ ಬಂದು ನಿಂತರು. ಕೆಳಗೆ ನೆಲ ಹಿಂದೆ ಸರಿಯುತ್ತಿತ್ತು. ಅವಳು ಬಸ್ಸಿನ ಜೊತೆಗೆ ನಾಲ್ಕು ಹೆಜ್ಜೆ ನಡೆದು ಬಂದಳು. ಕೈ ಚಾಚಲಿಲ್ಲ. ಮುಖವನ್ನೂ ನೋಡಲಿಲ್ಲ.

"ಎಡಗಾಲು," ಎಂದಳು.

ಅವರು ಎಡಗಾಲು ಮುಂದಿಟ್ಟರು.